ರೈತನ ಕಡೆ ತಿರುಗಿದ ಪರದೆ

ರೇಷ್ಮೆಗೂ ಕಂಪ್ಯೂಟರಿಗೂ ಇರುವ ನಂಟು ಎರಡು ಶತಮಾನಕ್ಕಿಂತ ಹಳೆಯದು. 1804ರ ಸುಮಾರಿಗೆ ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮರಿ ಜಕಾರ್ಡ್ ರೇಷ್ಮೆ ಮಗ್ಗಕ್ಕೆ ತೂತು ಕೊರೆದ ರಟ್ಟಿನ ಕಾರ್ಡುಗಳ ಮಾಲೆ ಹೂಡಿದ. ತೂತು ಬಂದಲ್ಲಿ ಹಾಸಿನ ಎಳೆ ಮೇಲೇಳುತ್ತಿತ್ತು, ಇಲ್ಲದಲ್ಲಿ ಇದ್ದಲ್ಲೇ ಇರುತ್ತಿತ್ತು. ಬಟ್ಟೆಯ ಹೂವು, ಬಳ್ಳಿ, ಹಕ್ಕಿ ಎಲ್ಲವೂ ಆ ತೂತುಗಳಿಂದಲೇ ಮೂಡಿದವು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತಾನು ಕಟ್ಟಬೇಕೆಂದಿದ್ದ ಲೆಕ್ಕದ ಯಂತ್ರಕ್ಕೆ ಅಪ್ಪಣೆ ಕೊಡಲು ಇದೇ ಕಾರ್ಡುಗಳನ್ನು ಆರಿಸಿಕೊಂಡ. 1890ರ ಅಮೆರಿಕದ ಜನಗಣತಿಯನ್ನು ಹರ್ಮನ್ ಹಾಲೆರಿತ್‌ನ ಯಂತ್ರಗಳು ಎಣಿಸಿದ್ದೂ ತೂತು ಕಾರ್ಡುಗಳಿಂದಲೇ. 1970ರ ದಶಕದವರೆಗೂ ಲೆಕ್ಕ ಮಾಡಿಸಬೇಕಾದವರು ಕಾರ್ಡಿನ ಕಟ್ಟು ಹೊತ್ತು ತಂದು ಕಿಟಕಿಯಲ್ಲಿ ಕೊಡುತ್ತಿದ್ದರು, ಉತ್ತರಕ್ಕೆ ಕಾಯುತ್ತಿದ್ದರು. ಯಂತ್ರಕ್ಕೂ ಅವರಿಗೂ ನಡುವೆ ಒಬ್ಬ ಆಪರೇಟರ್ ಇರುತ್ತಿದ್ದ.

ಮುಂದೆ ಪಶ್ಚಿಮದ ದೇಶಗಳಲ್ಲಿ ಆ ಆಪರೇಟರ್ ಬೇಗ ಮರೆಯಾದ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದ ಸಭೆಯೊಂದರಲ್ಲಿ ಡಗ್ಲಾಸ್ ಎಂಗೆಲ್‌ಬರ್ಟ್ ಮೌಸ್ ಹಿಡಿದು ಪರದೆಯ ಮೇಲಿನ ಬರಹವನ್ನು ತಾನೇ ತಿದ್ದಿ ತೋರಿಸಿದ. ಅವನ ತಂಡದ ಮೊದಲ ಮೌಸ್ 1964ರಲ್ಲಿ ಮರದ ತುಂಡಿನಲ್ಲಿ ಮಾಡಿದ್ದು. ಮರದ ಬೊಂಬೆ ಮಾಡುವ ಚನ್ನಪಟ್ಟಣದ ಕೈಗಳಿಗೆ ಒಪ್ಪುವ ಕೆಲಸ. 1984ರಲ್ಲಿ ಮ್ಯಾಕಿಂಟೋಷ್ ಬಂತು, ಚಿತ್ರ ಒತ್ತಿದರೆ ಕೆಲಸ ನಡೆಯಿತು. 2007ರಲ್ಲಿ ಐಫೋನ್ ಬಂದ ಮೇಲೆ ಮೌಸೂ ಬೇಡವಾಯಿತು, ಬೆರಳೇ ಸಾಕಾಯಿತು.

ರೇಷ್ಮೆ ಬೆಳೆಯುವ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಚರಿತ್ರೆ ಈ ದಾರಿಯಲ್ಲಿ ನಡೆಯಲಿಲ್ಲ. ಇಲ್ಲಿನ ಹಳ್ಳಿಗಳ ಬಹುಪಾಲು ಜನ ಕಂಪ್ಯೂಟರನ್ನು ಮೊದಲು ಕಂಡಿದ್ದು ಸರ್ಕಾರಿ ಕಚೇರಿಯ ಕೌಂಟರಿನ ಆಚೆ, ಅದೂ ಅದರ ಬೆನ್ನನ್ನು. ಪರದೆ ಸಾಹೇಬರ ಕಡೆಗಿತ್ತು. ಆ ಪರದೆ ರೈತನ ಕಡೆ ಎಷ್ಟರಮಟ್ಟಿಗೆ ತಿರುಗಿತು, ಎಲ್ಲಿ ಮತ್ತೆ ಮುಖ ತಿರುಗಿಸಿತು ಎಂಬುದೇ ಈ ಸೀಮೆಯ ಗಣಕ ಚರಿತ್ರೆ.

ಶಾನುಭೋಗರ ದಫ್ತರ

ಯಂತ್ರ ಬರುವ ಮೊದಲು ಜಮೀನಿನ ನೆನಪೆಲ್ಲ ಮನುಷ್ಯರ ಕೈಯಲ್ಲಿತ್ತು. ಊರಿನ ಹೊಲಗದ್ದೆಗಳ ಲೆಕ್ಕ ಶಾನುಭೋಗರ ಮನೆಯ ದಫ್ತರದಲ್ಲಿ, ತಂದೆಯಿಂದ ಮಗನಿಗೆ ಇಳಿದು ಬರುವ ಹಕ್ಕಾಗಿ ಇರುತ್ತಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದು ಮಾಡುವ 1961ರ ಕಾನೂನು 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದಾಗ ದಫ್ತರ ಸರ್ಕಾರದ ನೌಕರನಾದ ಗ್ರಾಮ ಲೆಕ್ಕಿಗನ ಕೈಗೆ ಹೋಯಿತು. ಕಾನೂನಿನ ಮಟ್ಟಿಗೆ ಅದು ದೊಡ್ಡ ಬದಲಾವಣೆ. ಆದರೆ ರೈತನ ಪಾಲಿಗೆ ಬದಲಾದದ್ದು ಕಾಯಬೇಕಾದ ಬಾಗಿಲು ಮಾತ್ರ. ಮೂರ್ನಾಲ್ಕು ಹಳ್ಳಿಗೆ ಒಬ್ಬ ಲೆಕ್ಕಿಗ. ಅವರು ಯಾವ ದಿನ ಯಾವ ಊರಿನಲ್ಲಿರುತ್ತಾರೆ ಎಂದು ತಿಳಿಯುವುದೇ ಒಂದು ಕೆಲಸ. ಬೆಳೆ ಸಾಲಕ್ಕೆ ಬ್ಯಾಂಕು ಜಮೀನಿನ ದಾಖಲೆಯಾದ ಪಹಣಿ ಕೇಳುತ್ತಿತ್ತು, ಕೋರ್ಟು ಪಹಣಿ ಕೇಳುತ್ತಿತ್ತು. ಪಹಣಿ ಕೈಬರಹದಲ್ಲಿತ್ತು, ಬರೆದವರಿಗಷ್ಟೇ ಸರಿಯಾಗಿ ಓದಲು ಬರುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಲು ಹೊರಟವರು ವರ್ಷಗಟ್ಟಲೆ ಅಲೆಯುತ್ತಿದ್ದರು. ಏನು ಬರೆದಿದೆ ಎಂದು ಗೊತ್ತಿಲ್ಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬರುವುದು ಆಗ ಸಾಮಾನ್ಯವಾಗಿತ್ತು.

ವ್ಯಾಪಾರದ ಲೆಕ್ಕವೂ ಹೀಗೆಯೇ ಮರೆಯಲ್ಲಿ ನಡೆಯುತ್ತಿತ್ತು. ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಒಬ್ಬರ ಬೆರಳನ್ನೊಬ್ಬರು ಹಿಡಿದು ರೇಟು ಕುದುರಿಸುತ್ತಿದ್ದರು. ಸುತ್ತ ನೂರು ಜನ ನಿಂತಿದ್ದರೂ ಎತ್ತು ಎಷ್ಟಕ್ಕೆ ಹೋಯಿತೆಂದು ತಿಳಿಯುತ್ತಿದ್ದುದು ಆ ಇಬ್ಬರಿಗೆ ಮಾತ್ರ. ಬೆವರು ಸುರಿಸಿ ಬೆಳೆಸಿದವನಿಗೆ ತನ್ನ ಮಾಲಿನ ಬೆಲೆಯಾಗಲಿ, ತನ್ನ ಜಮೀನಿನ ದಾಖಲೆಯಾಗಲಿ ಕಣ್ಣೆದುರು ಕಾಣುತ್ತಿರಲಿಲ್ಲ.

ಕನ್ನಡ ಯಂತ್ರದೊಳಗೆ ಬಂದ ಬಗೆ

ಪರದೆ ತಿರುಗಿದರೂ ಅದರಲ್ಲಿ ಇಂಗ್ಲಿಷೇ ಇದ್ದರೆ ಏನು ಫಲ? ಆದ್ದರಿಂದ ಈ ಚರಿತ್ರೆಯ ನಿಜವಾದ ಮೊದಲ ಅಧ್ಯಾಯ ಕೀಲಿಮಣೆಯದು.

ಬೆರಳಚ್ಚು ಯಂತ್ರಕ್ಕೆ ಕನ್ನಡವನ್ನು ಇಳಿಸುವುದು ಸುಲಭವಿರಲಿಲ್ಲ. ಕಾಗುಣಿತ, ಒತ್ತಕ್ಷರ ಸೇರಿದರೆ ಕನ್ನಡದ ಅಕ್ಷರರೂಪಗಳು ಸಾವಿರಗಟ್ಟಲೆಯಾಗುತ್ತವೆ. ಯಂತ್ರದಲ್ಲಿರುವುದು ಸುಮಾರು ಐವತ್ತು ಕೀಲಿ. ಹಾಗಾಗಿ ಅಕ್ಷರವನ್ನು ತಲೆಕಟ್ಟು, ಕೊಂಬು, ದೀರ್ಘ, ಒತ್ತು ಎಂದು ತುಂಡು ಮಾಡಿ ಒಂದೊಂದನ್ನೂ ಒಂದೊಂದು ಕೀಲಿಗೆ ಹಂಚಲಾಯಿತು. ಬೆರಳಚ್ಚುಗಾರ ತುಂಡುಗಳನ್ನು ಜೋಡಿಸಿ ಅಕ್ಷರ ಕಟ್ಟುತ್ತಿದ್ದ. ತಾಲ್ಲೂಕು ಕೇಂದ್ರಗಳ ಟೈಪಿಂಗ್ ಶಾಲೆಗಳಲ್ಲಿ ಒಂದು ತಲೆಮಾರಿನ ಹುಡುಗ ಹುಡುಗಿಯರು ತಿಂಗಳುಗಟ್ಟಲೆ ಕೂತು ಕಲಿತದ್ದು ಈ ಜೋಡಣೆಯನ್ನೇ.

ಅದನ್ನು ಬುಡಸಮೇತ ಬದಲಿಸಿದವರು ಕಿನ್ನಿಕಂಬಳ ಪದ್ಮನಾಭ ರಾವ್, ನಾಡಿಗೆಲ್ಲ ಕೆ.ಪಿ. ರಾವ್. ಅಚ್ಚಿನ ಮೊಳೆ ಜೋಡಣೆಯ ತಂತ್ರಜ್ಞಾನದಲ್ಲಿ ಪಳಗಿದ ಅವರಿಗೆ ಹೊಳೆದದ್ದು ಸರಳ ವಿಚಾರ. ಬೆರಳು ಉಚ್ಚಾರವನ್ನಷ್ಟೇ ಹೇಳಲಿ, ಆಕಾರ ಕಟ್ಟುವ ಕೆಲಸ ಕಂಪ್ಯೂಟರಿನದಾಗಲಿ. ಅವರ ವಿನ್ಯಾಸದಲ್ಲಿ ‘ರಾಮನಗರ’ ಎಂದು ಬರೆಯಲು ಆರು ಕೀಲಿ ಸಾಕು: ಆರ್, ದೊಡ್ಡಕ್ಷರದ ಎ, ಎಂ, ಎನ್, ಜಿ, ಆರ್. ‘ಚನ್ನಪಟ್ಟಣ’ದಂತೆ ಒತ್ತಕ್ಷರ ಬಂದಲ್ಲಿ ನಡುವೆ ಎಫ್ ಒತ್ತಿದರೆ ಯಂತ್ರವೇ ಒತ್ತು ಕೂಡಿಸುತ್ತದೆ. ತಮ್ಮ ಈ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಗೌರವಕ್ಕೆ ‘ಸೇಡಿಯಾಪು’ ಎಂದೇ ಹೆಸರಿಟ್ಟು ಉಚಿತವಾಗಿ ಹಂಚಿದರು. ಕೀಲಿಮಣೆಯ ಮೇಲೆ ಯಾವ ಹಕ್ಕನ್ನೂ ಸಾಧಿಸಲಿಲ್ಲ. ಇಂದು ಕನ್ನಡದಲ್ಲಿ ಕೀಲಿ ಒತ್ತುವ ಲಕ್ಷಾಂತರ ಜನ ಅವರಿಗೆ ಋಣಿಗಳು.

1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಮನೆಯ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು ಎಲ್ಲರ ಕೈಗೆಟುಕಿತು. ಹೊಸ ಶತಮಾನದ ಆರಂಭದಲ್ಲಿ ಸರ್ಕಾರ ಕೆ.ಪಿ. ರಾವ್ ವಿನ್ಯಾಸವನ್ನು ಸಣ್ಣಪುಟ್ಟ ಬದಲಾವಣೆಯೊಡನೆ ಪ್ರಮಾಣಿತ ಕೀಲಿಮಣೆಯಾಗಿ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಕಚೇರಿಗಳಿಗೆ ಹೋಯಿತು. ತಹಶೀಲ್ದಾರರ ನೋಟಿಸಿನಿಂದ ಹಿಡಿದು ಮದುವೆಯ ಲಗ್ನಪತ್ರಿಕೆಯವರೆಗೆ ನುಡಿ ಅಕ್ಷರವೇ ಕಾಣತೊಡಗಿತು.

ಒಂದು ತೊಡಕು ಉಳಿದಿತ್ತು. ಆ ಕಾಲದ ನುಡಿಯಲ್ಲಿ ಬರೆದದ್ದು ಅದೇ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಒಡೆದುಹೋಗುತ್ತಿತ್ತು. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ಕೊಡುವ ಯೂನಿಕೋಡ್ 1991ರಲ್ಲೇ ಕನ್ನಡಕ್ಕೂ ಜಾಗ ಮಾಡಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದು ಕೆಲಸಕ್ಕೆ ಬಂತು. ಕಚೇರಿಗಳು ಅದಕ್ಕೆ ಹೊರಳಲು ಮತ್ತೆ ಹತ್ತು ವರ್ಷ ಹಿಡಿಯಿತು. ಆ ಹತ್ತು ವರ್ಷದಲ್ಲಿ ಬೆರಳಚ್ಚಾದ ಲಕ್ಷಾಂತರ ಪುಟಗಳು ಹುಡುಕಿದರೂ ಸಿಗದ ಕಡತಗಳಾಗಿ ಉಳಿದವು. ಒಂದು ತಾಂತ್ರಿಕ ನಿರ್ಧಾರ ತಡವಾದರೆ ಜನರ ನೆನಪಿಗೇ ಎಷ್ಟು ಪೆಟ್ಟು ಬೀಳುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹದಿನೈದು ರೂಪಾಯಿಯ ಪಹಣಿ

ಜಮೀನಿನ ದಾಖಲೆಯನ್ನು ಕಂಪ್ಯೂಟರಿಗೆ ಹಾಕುವ ಪ್ರಯತ್ನ ಕರ್ನಾಟಕದಲ್ಲಿ 1991ರಲ್ಲಿ ಗುಲ್ಬರ್ಗದಿಂದ ಮೊದಲಾಯಿತು. ಅದು ಹಳ್ಳಿಗೆ ಮುಟ್ಟಿದ್ದು ಎಸ್.ಎಂ. ಕೃಷ್ಣ ಸರ್ಕಾರದ ಕಾಲದಲ್ಲಿ, ಹಿರಿಯ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತು ನಡೆಸಿದ ‘ಭೂಮಿ’ ಯೋಜನೆಯಿಂದ. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಲಿದ್ದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳನ್ನು ಸಾಲು ಸಾಲಾಗಿ ಕನ್ನಡದಲ್ಲೇ ಕಂಪ್ಯೂಟರಿಗೆ ತುಂಬಿಸಲಾಯಿತು. ಅಂದು ರಾಜ್ಯದಲ್ಲಿದ್ದ 177 ತಾಲ್ಲೂಕುಗಳಲ್ಲೂ ಭೂಮಿ ಕೇಂದ್ರಗಳು ತೆರೆದವು. ಆಗ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳೂ ಅದರಲ್ಲಿದ್ದವು. ಈ ನಾಲ್ಕು ಸೇರಿ ರಾಮನಗರ ಜಿಲ್ಲೆಯಾದದ್ದು 2007ರ ಆಗಸ್ಟ್ 23ರಂದು; ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದದ್ದು 2025ರಲ್ಲಿ.

ಆ ಭೂಮಿ ಕೌಂಟರನ್ನು ಕೊಂಚ ಹತ್ತಿರದಿಂದ ನೋಡಬೇಕು. ರೈತ ಊರಿನ ಹೆಸರು, ಸರ್ವೆ ನಂಬರು ಹೇಳುತ್ತಾನೆ. ಆಪರೇಟರ್ ಕೀಲಿ ಒತ್ತುತ್ತಾನೆ. ಮೇಜಿನ ಮೇಲೆ ಎರಡು ಪರದೆ. ಒಂದು ಆಪರೇಟರ್ ಕಡೆಗೆ, ಇನ್ನೊಂದು ಕಿಟಕಿಯ ಹೊರಗೆ ನಿಂತ ರೈತನ ಕಡೆಗೆ. ಒಳಗಿನವರಿಗೆ ಏನು ಕಾಣುತ್ತದೋ ಅದೇ ಹೊರಗಿನವನಿಗೂ ಕಾಣುತ್ತದೆ. ತನ್ನ ಹೆಸರು, ಅಪ್ಪನ ಹೆಸರು, ಎಕರೆ ಗುಂಟೆ, ಬೆಳೆ, ಸಾಲದ ಬಾಬ್ತು. ಓದು ಬಾರದವನು ಪಕ್ಕದಲ್ಲಿದ್ದ ಮಗಳಿಂದಲೋ ಮೊಮ್ಮಗನಿಂದಲೋ ಓದಿಸಿಕೊಳ್ಳಬಹುದು. ಆಗ ಹದಿನೈದು ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೂಡಲೇ ಕೈಗೆ ಬರುತ್ತಿತ್ತು. ಕೆಲವು ಕಡೆ ರೈತ ತಾನೇ ಬೆರಳಿಂದ ಮುಟ್ಟಿ ದಾಖಲೆ ನೋಡುವ ಪರದೆಗಳನ್ನೂ ಇಟ್ಟಿದ್ದರು. ಐಫೋನ್ ಬರಲು ಆಗ ಇನ್ನೂ ವರ್ಷಗಳಿದ್ದವು.

ಇಷ್ಟೇ ಮುಖ್ಯವಾದ ಇನ್ನೊಂದು ಏರ್ಪಾಡಿತ್ತು. ದಾಖಲೆಯಲ್ಲಿ ಬದಲಾವಣೆ ಮಾಡುವ ಅಧಿಕಾರಿ ಯಂತ್ರದ ಮೇಲೆ ತನ್ನ ಬೆರಳಿಟ್ಟು ಗುರುತು ಕೊಡಬೇಕಿತ್ತು. ಯಾರು ತಿದ್ದಿದರು, ಯಾವಾಗ ತಿದ್ದಿದರು ಎಂಬುದು ದಾಖಲಾಗುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು, ಮಧ್ಯೆ ಬೇಕಾದವರದನ್ನು ನುಗ್ಗಿಸುವಂತಿಲ್ಲ ಎಂಬ ನಿಯಮವನ್ನೂ ತಂತ್ರಾಂಶದೊಳಗೇ ಕೂಡಿಸಿದ್ದರು. ತಲೆತಲಾಂತರದಿಂದ ರೈತ ಹೆಬ್ಬೆಟ್ಟು ಒತ್ತುತ್ತಿದ್ದ ಕಚೇರಿಯಲ್ಲಿ ಮೊದಲ ಬಾರಿಗೆ ಅಧಿಕಾರಿ ಬೆರಳು ಒತ್ತಿದ. ನನ್ನ ಎಣಿಕೆಯಲ್ಲಿ ಭೂಮಿ ಯೋಜನೆಯ ಅತಿ ದೊಡ್ಡ ಸಾಧನೆ ಇದು. ಹೊಣೆಗಾರಿಕೆಯ ಭಾರ ಸಲ್ಲಬೇಕಾದ ಹೆಗಲಿಗೆ ಸಂದಿತು.

ಆದರೆ ಚರಿತ್ರೆಯನ್ನು ಅರ್ಧ ಹೇಳಬಾರದು. 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಜೊತೆಗಾರರು ನಡೆಸಿದ ಅಧ್ಯಯನ ಬೇರೆ ಮುಖವನ್ನು ತೋರಿಸಿತು. ಹಳ್ಳಿಹಳ್ಳಿಯ ದಫ್ತರ ಒಂದೇ ಕಡೆ ಬಂದಾಗ ಅದರ ಲಾಭ ಸಣ್ಣ ರೈತನಿಗಿಂತ ಹೆಚ್ಚಾಗಿ ಬೆಂಗಳೂರಿನ ಸುತ್ತ ಜಮೀನು ಹುಡುಕುತ್ತಿದ್ದ ದೊಡ್ಡ ಕುಳಗಳಿಗೆ ಆಯಿತು, ಲಂಚ ನಿಲ್ಲುವ ಬದಲು ಜಾಗ ಬದಲಿಸಿತು ಎಂದು ಅವರು ವಾದಿಸಿದರು. ಬೆಂಗಳೂರಿನ ಮಗ್ಗುಲಲ್ಲೇ ಇರುವ ಈ ಸೀಮೆಯವರಿಗೆ ಆ ಮಾತು ಹೊಸದಲ್ಲ. ಬಿಡದಿಯಲ್ಲಿ ಕಾರ್ಖಾನೆಗಳು ಎದ್ದವು, ಹೆದ್ದಾರಿ ಅಗಲವಾಯಿತು, ಜಮೀನಿನ ಬೆಲೆ ಮುಗಿಲು ಮುಟ್ಟಿತು. ಹಳೇ ಕೈಬರಹದಿಂದ ಕಂಪ್ಯೂಟರಿಗೆ ಏರಿಸುವಾಗ ನುಸುಳಿದ ಒಂದು ಅಕ್ಷರದ ತಪ್ಪನ್ನು ತಿದ್ದಿಸಲೂ ಅರ್ಜಿ, ನೋಟಿಸು, ವಿಚಾರಣೆ ಎಂದು ಅಲೆಯಬೇಕಾಯಿತು. ತಾಲ್ಲೂಕು ಕಚೇರಿಯ ಸುತ್ತ ಅರ್ಜಿ ಬರೆಯುವವರ ಮೇಜುಗಳು ಹೋಗಿ ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್‌ಗಳು ಬಂದವು. “ಯಜಮಾನ್ರೇ, ಸರ್ವರ್ ಇಲ್ಲ, ನಾಳೆ ಬನ್ನಿ” ಎಂಬ ಮಾತು ಹಳ್ಳಿಗರಿಗೆ ಬಾಯಿಪಾಠವಾಯಿತು. ದಲ್ಲಾಳಿಯ ವೇಷ ಬದಲಾಗಿತ್ತು, ಅವನ ಅಗತ್ಯ ಮಾತ್ರ ಹಾಗೇ ಇತ್ತು.

ಒಂದೇ ಗುಂಡಿಯ ಯಂತ್ರ

ಅದೇ ವರ್ಷಗಳಲ್ಲಿ ಯಾವ ಆಪರೇಟರೂ ಇಲ್ಲದೆ ಈ ಸೀಮೆಯಲ್ಲಿ ಮತ ಹಾಕಿದ ಪ್ರತಿಯೊಬ್ಬರೂ ಬಳಸಿದ ಯಂತ್ರವೊಂದಿದೆ. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಮತಯಂತ್ರ. 2004ರ ಲೋಕಸಭಾ ಚುನಾವಣೆ ದೇಶದಾದ್ಯಂತ ಪೂರ್ತಿಯಾಗಿ ಮತಯಂತ್ರದಲ್ಲೇ ನಡೆಯಿತು. ಅಭ್ಯರ್ಥಿಯ ಹೆಸರು, ಪಕ್ಕದಲ್ಲಿ ಚಿಹ್ನೆ, ಅದರ ಪಕ್ಕದಲ್ಲಿ ನೀಲಿ ಗುಂಡಿ. ಒತ್ತಿದರೆ ಕೆಂಪು ದೀಪ ಹತ್ತಿ ಬೀಪ್ ಶಬ್ದ. ಅಷ್ಟೆ. ಅಕ್ಷರ ಬಾರದವರಿಗೆ ಚಿಹ್ನೆ, ಕಣ್ಣು ಕಾಣದವರಿಗೆ ಶಬ್ದ. 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಎಲ್ಲ ಮತಗಟ್ಟೆಗಳಲ್ಲೂ ಗಾಜಿನ ಹಿಂದೆ ಏಳು ಸೆಕೆಂಡು ಚೀಟಿ ಕಾಣುವ ಏರ್ಪಾಡೂ ಸೇರಿತು. ಎಂಬತ್ತರ ಅಜ್ಜಿಯೂ ಯಾರ ನೆರವಿಲ್ಲದೆ ಬಳಸಬಲ್ಲ ಯಂತ್ರವನ್ನು ನಮ್ಮ ನಾಡಿನವರೇ ಮಾಡಿದ್ದಾರೆ. ಮಾಡಲು ಬರುತ್ತದೆ ಎಂದಾದ ಮೇಲೆ ಉಳಿದ ಯಂತ್ರಗಳೂ ಹಾಗೆ ಇರಬೇಕೆಂದು ಕೇಳುವ ಹಕ್ಕು ನಮಗಿದೆ.

ಗೂಡಿನ ಮಾರುಕಟ್ಟೆಯ ಟಿವಿ

ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಗೆ ಏಷ್ಯಾದಲ್ಲೇ ದೊಡ್ಡದೆಂಬ ಹೆಸರಿದೆ. ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲೇ ಮಾರಬೇಕೆಂಬ ನಿಯಮದ ಬೇರು 1959ರ ರೇಷ್ಮೆ ನಿಯಂತ್ರಣ ಕಾನೂನಿನಲ್ಲಿದೆ. ದಶಕಗಟ್ಟಲೆ ಅಲ್ಲಿ ನಡೆದದ್ದು ಬಾಯಿಹರಾಜು. ಲಾಟ್‌ನಿಂದ ಲಾಟ್‌ಗೆ ಗುಂಪು ಸರಿಯುತ್ತಿತ್ತು, ಕೂಗು ಏರುತ್ತಿತ್ತು. ಗಟ್ಟಿ ಗಂಟಲಿನವರದೇ ಮೇಲುಗೈ. ಹರಾಜು ಎಷ್ಟಕ್ಕೆ ನಿಂತಿತೆಂದು ರೈತ ಕಿವಿಗೊಟ್ಟು ಕೇಳಬೇಕು. ಖರೀದಿದಾರರು ಒಳಗೊಳಗೇ ಹೊಂದಿಕೊಂಡರೆ ಅವನಿಗೆ ಬೇರೆ ದಾರಿ ಇರಲಿಲ್ಲ. ಗೂಡನ್ನು ಮನೆಗೆ ಮರಳಿ ಒಯ್ಯುವಂತಿಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದು ಬಂದರೆ ನೂಲು ಹಾಳು.

ಕಳೆದ ದಶಕದಲ್ಲಿ ಇಲ್ಲಿ ಇ-ಹರಾಜು ಬಂತು. ರೈತ ಗೂಡು ಸುರಿಯುತ್ತಾನೆ, ಲಾಟ್ ನಂಬರ್ ಪಡೆಯುತ್ತಾನೆ. ನೂಲು ಬಿಚ್ಚಿಸುವ ರೀಲರುಗಳು ಬಂದು ಹಿಂದಿನಂತೆಯೇ ಗೂಡನ್ನು ಬೆರಳಲ್ಲಿ ಒತ್ತಿ ನೋಡುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳು ಗಟ್ಟಿಯಾಗಿದೆಯೇ ಎಂದು ತಿಳಿಯುತ್ತಾರೆ. ಆಮೇಲೆ ಕೂಗುವುದಿಲ್ಲ; ಮೊಬೈಲಿನಲ್ಲಿ ಲಾಟ್ ನಂಬರ್ ಒತ್ತಿ ರೇಟು ಹಾಕುತ್ತಾರೆ. ಗೋಡೆಯ ಟಿವಿ ಪರದೆಯ ಮೇಲೆ ಕೆ.ಜಿ.ಗೆ ಎಷ್ಟೆಂದು ಕಾಣುತ್ತದೆ. ರೈತನ ಮೊಬೈಲಿಗೂ ಸಂದೇಶ ಬರುತ್ತದೆ. ರೇಟು ಹಿಡಿಸದಿದ್ದರೆ ಒಪ್ಪದೆ ಮುಂದಿನ ಸುತ್ತಿಗೆ ಬಿಡಬಹುದು. ತೂಕವೂ ಎಲೆಕ್ಟ್ರಾನಿಕ್ ತಕ್ಕಡಿಯಲ್ಲೇ. ಟವೆಲಿನ ಮರೆಯಲ್ಲಿದ್ದ ಬೆರಳು ಕೊನೆಗೂ ಎಲ್ಲರ ಕಣ್ಣೆದುರಿಗೆ ಬಂತು.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಗೂಡು ಚೆನ್ನಾಗಿದೆಯೇ ಎಂದು ಹೇಳುವ ಕೆಲಸವನ್ನು ಇ-ಹರಾಜು ಯಂತ್ರಕ್ಕೆ ಕೊಡಲಿಲ್ಲ. ಅದು ರೀಲರನ ಬೆರಳು ಮತ್ತು ಕಿವಿಯ ಕೆಲಸವಾಗಿಯೇ ಉಳಿಯಿತು. ಬೆಲೆಯನ್ನು ಬಯಲಿಗೆ ತರುವ ಕೆಲಸವನ್ನಷ್ಟೇ ಯಂತ್ರಕ್ಕೆ ಒಪ್ಪಿಸಲಾಯಿತು. ಹದ ಗೊತ್ತಿದ್ದವರು ಮಾಡಿದ ಹಂಚಿಕೆ ಅದು. ಗೂಡು ಹಿಡಿದು ಬೆಳೆದ ಕೈಗಳ ಅರಿವನ್ನು ಉಳಿಸಿಕೊಂಡು, ಮೋಸಕ್ಕೆ ಎಡೆಯಿದ್ದ ಜಾಗಕ್ಕೆ ಮಾತ್ರ ಯಂತ್ರವನ್ನು ತಂದರು.

ಯಾರ ಬೆರಳು?

ಭೂಮಿ ಕಚೇರಿಯಲ್ಲಿ ಅಧಿಕಾರಿಯ ಬೆರಳು ಕೇಳಿದ ಯಂತ್ರ ಮುಂದಿನ ದಶಕದಲ್ಲಿ ಬಡವನ ಬೆರಳು ಕೇಳತೊಡಗಿತು. ಆಧಾರ್ ಬಂದ ಮೇಲೆ ನ್ಯಾಯಬೆಲೆ ಅಂಗಡಿಯಲ್ಲಿ, ಪಿಂಚಣಿಯಲ್ಲಿ, ಬ್ಯಾಂಕಿನಲ್ಲಿ ಬೆರಳಿಟ್ಟು ತಾನು ತಾನೇ ಎಂದು ರುಜುವಾತು ಮಾಡುವ ಹೊಣೆ ಫಲಾನುಭವಿಯದಾಯಿತು.

ರಾಮನಗರದ ನೂಲು ಬಿಚ್ಚುವ ಘಟಕಗಳಲ್ಲಿ ದುಡಿಯುವ ಹೆಂಗಸರ ಕೈ ನೋಡಿದವರಿಗೆ ಇದರ ಕಷ್ಟ ವಿವರಿಸಬೇಕಿಲ್ಲ. ಬಿಸಿನೀರಿನ ತೊಟ್ಟಿಯಲ್ಲಿ ಬೆಂದ ಗೂಡುಗಳಿಂದ ಎಳೆ ಹುಡುಕಿ ಹಿಡಿಯುವ ಕೆಲಸ. ದಿನವಿಡೀ ನೀರಲ್ಲಿ ನೆನೆದು ಬೆರಳ ತುದಿ ಬಿಳಚುತ್ತದೆ, ಸಿಪ್ಪೆ ಏಳುತ್ತದೆ, ಬಿರುಕು ಬಿಡುತ್ತದೆ. ಕಲ್ಲು ಒಡೆಯುವವರ, ಗಾರೆ ಕಲಸುವವರ, ಹೊಲ ಅಗೆಯುವವರ ಬೆರಳ ಗೆರೆಗಳೂ ಸವೆಯುತ್ತವೆ. ಯಂತ್ರದ ಗಾಜಿನ ಮೇಲೆ ಒರೆಸಿ ಒರೆಸಿ ಇಟ್ಟರೂ ಗುರುತು ಹತ್ತುವುದಿಲ್ಲ. ಕಣ್ಣಿನ ಪಾಪೆ, ಮೊಬೈಲಿಗೆ ಬರುವ ಒಟಿಪಿ, ಮುಖದ ಚಿತ್ರ ಎಂಬ ಬೇರೆ ದಾರಿಗಳಿವೆ. ಅವು ಎಲ್ಲ ಕೌಂಟರಿನಲ್ಲೂ ಸುಲಭವಾಗಿ ಸಿಗಬೇಕಷ್ಟೆ. ಹೆಚ್ಚು ದುಡಿದವರನ್ನೇ ಗುರುತಿಸಲಾರದ ಯಂತ್ರವನ್ನು ಪರಿಪೂರ್ಣ ಎನ್ನಲಾಗದು. ತಪ್ಪು ಬೆರಳಿನದಲ್ಲ.

ಜೇಬಿಗೆ ಬಂದ ದಫ್ತರ

2001ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯವರು ಸೇರಿ ‘ಸಿಂಪ್ಯೂಟರ್’ ಎಂಬ ಅಂಗೈ ಕಂಪ್ಯೂಟರ್ ರೂಪಿಸಿದ್ದರು. ಕಡ್ಡಿಯಿಂದ ಮುಟ್ಟಿ ಕೆಲಸ ಮಾಡುವ, ಭಾರತದ ಭಾಷೆಗಳಲ್ಲಿ ಓದಿ ಹೇಳುವ, ಓದು ಬಾರದವರೂ ಬಳಸಬಹುದಾದ ಯಂತ್ರ ಅದಾಗಬೇಕೆಂಬುದು ಅವರ ಕನಸು. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ. ಆದರೆ ಅವರು ಕಂಡ ಕನಸು ಹದಿನೈದು ವರ್ಷದ ನಂತರ ಅಗ್ಗದ ಸ್ಮಾರ್ಟ್‌ಫೋನ್ ಆಗಿ ಹಳ್ಳಿಗೆ ಬಂತು. 2012ರ ಸುಮಾರಿನವರೆಗೆ ಹೆಚ್ಚಿನ ಸ್ಮಾರ್ಟ್‌ಫೋನುಗಳಲ್ಲಿ ಕನ್ನಡವೆಂದರೆ ಬರಿಯ ಚೌಕಗಳು. ಆಂಡ್ರಾಯ್ಡ್ ಫೋನುಗಳಿಗೆ ಕನ್ನಡ ಲಿಪಿ ಬಂದು, 2016ರಲ್ಲಿ ಜಿಯೊ ಇಂಟರ್ನೆಟ್ಟನ್ನು ಅಗ್ಗ ಮಾಡಿದ ಮೇಲೆ ಮಾತೇ ಬೇರೆಯಾಯಿತು.

ಈಗ ರೈತ ತನ್ನ ಹೊಲದಲ್ಲಿ ನಿಂತು ‘ದಿಶಾಂಕ್’ ಆ್ಯಪ್ ತೆರೆದರೆ ಕಾಲಡಿಯ ಸರ್ವೆ ನಂಬರು ಪರದೆಯಲ್ಲಿ ಕಾಣುತ್ತದೆ. 2020ರ ಮುಂಗಾರಿನಲ್ಲಿ ಸರ್ಕಾರ ಬೆಳೆ ಸಮೀಕ್ಷೆಯನ್ನು ರೈತರ ಕೈಗೇ ಕೊಟ್ಟಿತು: ನಿಮ್ಮ ಬೆಳೆಯ ಚಿತ್ರ ತೆಗೆದು ನೀವೇ ಏರಿಸಿ ಎಂದು. ಶಾನುಭೋಗರು, ಆಮೇಲೆ ಗ್ರಾಮ ಲೆಕ್ಕಿಗರು ಮಾತ್ರ ತುಂಬುತ್ತಿದ್ದ ಬೆಳೆಯ ಕಾಲಂ ಅದು. ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಹೋಬಳಿಯಲ್ಲಿ ಆಧುನಿಕ ಸಾಧನಗಳಿಂದ ಮರುಭೂಮಾಪನದ ಪ್ರಯೋಗವೂ ನಡೆದಿದೆ. ಬ್ರಿಟಿಷರ ಕಾಲದ ಸರಪಳಿ ಅಳತೆಯ ಟಿಪ್ಪಣಿಯಿಂದ ಉಪಗ್ರಹದ ಅಳತೆಗೆ ಜಮೀನು ಬರುತ್ತಿದೆ.

ಇದರ ಭಾರ ಬಿದ್ದದ್ದು ಹಳ್ಳಿಯ ನೌಕರರ ಮೇಲೆ. ಇಂದು ಗ್ರಾಮ ಆಡಳಿತ ಅಧಿಕಾರಿ ಎನಿಸಿಕೊಂಡಿರುವ ಅದೇ ಲೆಕ್ಕಿಗರು 2024ರ ಸೆಪ್ಟೆಂಬರಿನಲ್ಲಿ ರಾಜ್ಯದಾದ್ಯಂತ ಮುಷ್ಕರ ಹೂಡಿದರು. ಒಂದರ ಮೇಲೊಂದು ಆ್ಯಪ್ ಹೇರುತ್ತೀರಿ, ಕೆಲಸ ಮಾಡಲು ಬೇಕಾದ ಸಲಕರಣೆ ಕೊಡುವುದಿಲ್ಲ ಎಂಬುದು ಅವರ ದೂರು. ಯಂತ್ರದ ಆಚೆ ಕೂತವರೂ ಮನುಷ್ಯರೇ. ಅವರಿಗೆ ಒಗ್ಗದ ಯಂತ್ರ ಜನರಿಗೂ ಒಗ್ಗುವುದಿಲ್ಲ.

ಬಿಡದಿ, ಮಾಗಡಿ ರಸ್ತೆಗಳ ನಡುವಿನ ಬ್ಯಾಲಾಳು ಗ್ರಾಮದಲ್ಲಿ ಇಸ್ರೋದ 32 ಮೀಟರ್ ಅಗಲದ ತಟ್ಟೆ ಆಂಟೆನಾ ಇದೆ. 2008ರಲ್ಲಿ ಚಂದ್ರಯಾನ-1ಕ್ಕಾಗಿ ಅದನ್ನು ಸಜ್ಜುಗೊಳಿಸಿದರು. ಸುಮಾರು 3.84 ಲಕ್ಷ ಕಿ.ಮೀ. ದೂರದ ನೌಕೆಯ ಕಂಪ್ಯೂಟರಿನೊಡನೆ ನಮ್ಮ ವಿಜ್ಞಾನಿಗಳು ಅಲ್ಲಿಂದ ಮಾತಾಡಿದರು, ಉತ್ತರ ಪಡೆದರು. ಇಷ್ಟು ಬಲ್ಲ ನಾಡಿಗೆ ಹೋಬಳಿಯ ನಾಡಕಚೇರಿಯ ಸರ್ವರನ್ನು ನೆಟ್ಟಗಿಡುವುದು ಆಗದ ಕೆಲಸವಲ್ಲ. ಮನಸ್ಸು ಬೇಕು.

ಇನ್ನು ಮುಂದೆ ಮಾತು

ಕೀಲಿ, ಮೌಸ್, ಬೆರಳು ಆದವು, ಮುಂದಿನದು ಬಾಯಿಮಾತು. 2017ರಲ್ಲಿ ಗೂಗಲ್ ಕನ್ನಡದ ಮಾತನ್ನು ಬರಹಕ್ಕಿಳಿಸುವ ಸೌಲಭ್ಯ ಕೊಟ್ಟಿತು. 2022ರಲ್ಲಿ ಕೇಂದ್ರ ಸರ್ಕಾರ ‘ಭಾಷಿಣಿ’ ಯೋಜನೆಯನ್ನು ಜನರಿಗೆ ತೆರೆಯಿತು. ಒಂದು ಭಾಷೆಯಲ್ಲಿ ಕೇಳಿ ಇನ್ನೊಂದರಲ್ಲಿ ಉತ್ತರ ಪಡೆಯುವುದು ಅದರ ಗುರಿ. ಆಮೇಲೆ ಬಂದ ಕೃತಕ ಬುದ್ಧಿಮತ್ತೆಯ ಯಂತ್ರಗಳು ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಕನ್ನಡದಲ್ಲೇ ಉತ್ತರಿಸುತ್ತಿವೆ. “ನಮ್ಮಪ್ಪನ ಹೆಸರಲ್ಲಿರೋ ಎರಡೆಕರೆ ನನ್ನ ಹೆಸರಿಗಾಗ್ಬೇಕು, ಏನ್ ಮಾಡ್ಬೇಕು?” ಎಂದು ಫೋನಿಗೆ ಕೇಳಿ ಸರಿಯಾದ ಉತ್ತರ ಪಡೆಯುವ ದಿನ ದೂರವಿಲ್ಲ. ಓದು ಬಾರದ ತಾಯಿಗೂ ಯಂತ್ರಕ್ಕೂ ನಡುವೆ ಯಾರೂ ಇರಬೇಕಾಗಿಲ್ಲದ ಕಾಲ ಬರಬಹುದು.

ಆದರೆ ಯಾವ ಕನ್ನಡ? ಯಂತ್ರ ಕಲಿಯುವುದು ಅದಕ್ಕೆ ಸಿಕ್ಕ ಮಾತಿನಿಂದ. ಪತ್ರಿಕೆ, ಪುಸ್ತಕ, ವಾರ್ತೆಗಳ ಕನ್ನಡ ಅದಕ್ಕೆ ಧಾರಾಳವಾಗಿ ಸಿಗುತ್ತದೆ. ಕನಕಪುರದ ಹಳ್ಳಿಯ ‘ಓಯ್ತೀನಿ’, ‘ಒಲ’, ‘ಆಲು’ ಸಿಗುವುದು ಕಡಿಮೆ. ರಾಮನಗರ, ಚನ್ನಪಟ್ಟಣದ ಎಷ್ಟೋ ರೀಲರುಗಳ, ಬೊಂಬೆ ಕುಶಲಕರ್ಮಿಗಳ ಮನೆಮಾತು ದಖನಿ ಉರ್ದು. ಸಾವನದುರ್ಗದಿಂದ ಕನಕಪುರದ ಕಾಡಂಚಿನವರೆಗೆ ಇರುಳಿಗ ಬುಡಕಟ್ಟಿನವರಿದ್ದಾರೆ. ಇವರ ಮಾತು ಕೇಳದ ಯಂತ್ರ ಮತ್ತೆ ಓದಿದವರ, ನಗರದವರ ಕಡೆಗೇ ಮುಖ ಮಾಡುತ್ತದೆ. ಮಾತಾಡುವ ಯಂತ್ರಕ್ಕೆ ಇನ್ನೊಂದು ಅಪಾಯವೂ ಇದೆ. ಗೊತ್ತಿಲ್ಲದ್ದನ್ನೂ ಅದು ಗೊತ್ತಿದ್ದಂತೆ ಧೈರ್ಯವಾಗಿ ಹೇಳಿಬಿಡುತ್ತದೆ. ಪಹಣಿಯ ವಿಷಯದಲ್ಲಿ ಒಂದು ತಪ್ಪು ಉತ್ತರಕ್ಕೆ ಒಂದು ಕುಟುಂಬದ ನೆಲವೇ ಬೆಲೆ.

ಕಾಲು ಶತಮಾನದ ಈ ಚರಿತ್ರೆ ನಮಗೆ ಅಳತೆಗೋಲುಗಳನ್ನು ಕೊಟ್ಟಿದೆ, ಅವನ್ನು ಬಳಸೋಣ. ಹೊಸ ಯಂತ್ರ, ಹೊಸ ಆ್ಯಪ್, ಹೊಸ ಯೋಜನೆ ಯಾವುದೇ ಬರಲಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಮೂರು ಪ್ರಶ್ನೆ ಕೇಳಿ. ಪರದೆ ಯಾರ ಕಡೆಗಿದೆ? ಯಂತ್ರ ಯಾರ ಬೆರಳು ಕೇಳುತ್ತದೆ, ಅಧಿಕಾರ ಇರುವವರದೋ ಇಲ್ಲದವರದೋ? ನಮ್ಮೂರಿನ ಮಾತು ಅದಕ್ಕೆ ಅರ್ಥವಾಗುತ್ತದೆಯೇ? ಮೂರಕ್ಕೂ ಸರಿಯಾದ ಉತ್ತರ ಸಿಗುವವರೆಗೆ ಅದನ್ನು ಸುಧಾರಣೆ ಎಂದು ಒಪ್ಪಬೇಡಿ. ಹಾಗೆಯೇ ಊರಿನ ಹಿರಿಯರ ಮಾತನ್ನು, ಅವರ ನುಡಿಗಟ್ಟನ್ನು, ರೇಷ್ಮೆ, ರಾಗಿ, ಅರಗು, ಲೇತ್‌ಗಳ ಪದಗಳನ್ನು ಧ್ವನಿಮುದ್ರಿಸಿ ಮುಕ್ತವಾಗಿ ಹಂಚುವ ಕೆಲಸವನ್ನು ಇಲ್ಲಿನ ಶಾಲೆ ಕಾಲೇಜುಗಳು ಈಗಲೇ ಕೈಗೆತ್ತಿಕೊಳ್ಳಬೇಕು. ಕೆ.ಪಿ. ರಾವ್ ಒಂದು ಕೀಲಿಮಣೆಯನ್ನು ಬಿಟ್ಟಿಯಾಗಿ ಕೊಟ್ಟು ಕನ್ನಡವನ್ನು ಯಂತ್ರದೊಳಗೆ ತಂದರು. ನಮ್ಮ ಊರಿನ ಕನ್ನಡವನ್ನು ಅಲ್ಲಿಗೆ ಮುಟ್ಟಿಸುವ ಕೆಲಸ ನಮ್ಮದು.